ನಾಲ್ಕು ಕುಳಿಯ ತಟ್ಟೆ

ರೋಗಿಗಳ ಮುಖ ನಾನು ನೋಡುವುದಿಲ್ಲ.
ಲೈಡನ್ನಿನ ಆಸ್ಪತ್ರೆಯ ನೆಲಮಾಳಿಗೆಗೆ
ಅವರು ಕಫವಾಗಿ ಬರುತ್ತಾರೆ, ಎದೆ ತೊಳೆದ ನೀರಾಗಿ ಬರುತ್ತಾರೆ,
ಮುಚ್ಚಳದ ಮೇಲೆ ಒಂದು ಅಂಕಿ.
ಹೆಸರು ಗೊತ್ತಾದದ್ದು ಇವನೊಬ್ಬನದು, ಅದೂ
ವಿಳಾಸದ ದೆಸೆಯಿಂದ:
ಟ್ಯೂನಿಸ್, ಅರವತ್ತೊಂದು, ಹಿಲ್ಲೆಖೊಮ್,
ಟ್ಯೂಲಿಪ್ ಗಡ್ಡೆ ಬೆಳೆಯುವವನು.

ರಕ್ತದ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆ ಪೂರ್ತಿ ಸುಟ್ಟು
ಅಣ್ಣನದನ್ನು ಹೊಯ್ದಿದ್ದರು.
ಅದು ಬೇರು ಬಿಡುವ ತನಕ
ಮೈಯೆಂಬ ಊರಿಗೆ ತಳವಾರರಿಲ್ಲ.
ವಾರ್ಡಿಗೆ ಜೋಡಿ ಬಾಗಿಲು, ಗಾಳಿಗೆ ಜರಡಿ,
ಗೋಡೆಯ ಮೇಲೊಂದು ಚಿತ್ರ: ಹೂಗುಚ್ಛ, ಅದರ ಮೇಲೆ ಕೆಂಪು ಗೀಟು.
ನಲವತ್ತು ವರ್ಷ ಹೂವಿನಲ್ಲೇ ಉಂಡವನ ಬಳಿಗೆ
ಒಂದು ಹೂವೂ ಬರುವಂತಿಲ್ಲ.

ಹನ್ನೆರಡನೆಯ ದಿನ ಜ್ವರ. ಸ್ಕ್ಯಾನಿನಲ್ಲಿ
ಬಲ ಪುಪ್ಪುಸದ ಮೇಲ್ತುದಿಗೆ ಒಂದು ಗಂಟು,
ಸುತ್ತ ಮಬ್ಬು ಬಳೆ,
ಮಳೆಗೆ ಮುಂಚೆ ಚಂದ್ರ ಗುಡಿ ಕಟ್ಟಿದ ಹಾಗೆ.

ನನ್ನ ತಟ್ಟೆಯಲ್ಲಿ ನಾಲ್ಕು ಕುಳಿ.
ಮೂರರಲ್ಲಿ ಮೂರು ಮದ್ದು, ನಾಲ್ಕನೆಯದು ಬರಿಯ ಅಗಾರ್,
ಜೀವ ಇದೆಯೋ ಎಂದು ನೋಡಲಿಕ್ಕೆ.
ಅದೊಂದರಲ್ಲೇ ಬೆಳೆದರೆ
ನನಗೆ ಕಾಫಿ ಕುಡಿಯಲು ಪುರಸೊತ್ತು.
ಎರಡು ರಾತ್ರಿ ಕಳೆದು ಬೆಳಕಿಗೆ ಹಿಡಿದರೆ
ನಾಲ್ಕೂ ಹಸಿರು. ಹೊಗೆ ಬೆರೆತ ಹಸಿರು, ಮಖಮಲ್ಲು,
ಮದ್ದನ್ನೇ ಮೇವು ಮಾಡಿಕೊಂಡಂತೆ.

ಆಮೇಲೆ ಅವನ ಹೊಲಕ್ಕೆ ನಾನೇ ಹೋದೆ.
ನಮ್ಮ ಸಂಶೋಧನೆಯ ಪಟ್ಟಿಯಲ್ಲಿ ಹತ್ತೊಂಬತ್ತನೇ ಜಾಗ.
ಉಗ್ರಾಣದ ಹಿಂದೆ ಗುಡ್ಡೆ: ಸಿಪ್ಪೆ, ಕೊಳೆತ ಗಡ್ಡೆ, ಸತ್ತ ಎಲೆ;
ಸಲಿಕೆ ಹಾಕಿದೊಡನೆ ಒಳಗಿಂದ ಹಬೆ.
ಹೆಂಡತಿ ಅಲೈಡಾ ತೊಟ್ಟಿ ತೋರಿಸಿದಳು.
ಹದಿನೇಳರ ಹುಡುಗನಾಗಿ
ಅವನು ಮೊದಲು ಕೈ ಅದ್ದಿದ್ದು ಅದರಲ್ಲೇ:
ಗಡ್ಡೆಗೆ ಬೂಷ್ಟು ಹಿಡಿಯದಿರಲೆಂದು
ಮದ್ದು ಕದಡಿದ ನೀರು.
ಹೊಲದ ಮದ್ದೂ ಆಸ್ಪತ್ರೆಯ ಮದ್ದೂ ಒಂದೇ ಅಚ್ಚಿನವು;
ಅದಕ್ಕೆ ಪಳಗಿದ್ದು ಇದಕ್ಕೆ ಹೆದರೀತೆ?

ಬಿತ್ತಿದಂತೆ ಬೆಳೆ.
ಗಾದೆ ನಾಲಗೆಯ ತುದಿಗೇ ಬಂತು,
ನುಂಗಿದೆ. ಹೂವು ಕೊಂಡವಳು ನಾನೂ:
ಅಮ್ಮನ ಹುಟ್ಟುಹಬ್ಬಕ್ಕೆ ಹತ್ತು ಹಳದಿ, ಐದು ಯೂರೋ.
ತೊಟ್ಟಿಗಳು ಈ ರಸ್ತೆಯುದ್ದಕ್ಕೂ ಇವೆ,
ಗಾಳಿಗೆ ಯಾರ ಬೇಲಿ?

ಗುಡ್ಡೆಯ ಬೂಷ್ಟೂ ಎದೆಯ ಬೂಷ್ಟೂ
ಒಂದೇ ವಂಶ. ಡಾಕ್ಟರ್ ವುಬ್ಬೊ ಹಾಳೆ ನೋಡಿ
ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು.
ನಂಟು ಹೇಳಬಹುದು, ದಾರಿ ಹೇಳಲಾಗದು, ಎಂದರು.

ತಟ್ಟೆ ನೋಡಬೇಕೆಂದ ಟ್ಯೂನಿಸ್. ಫೋನಿನೆದುರು ಹಿಡಿದೆ.
ಮೊದಲ ಸಲ ಒಂದು ಅಂಕಿಗೆ ಮುಖ:
ಹುಬ್ಬಿಲ್ಲ, ತುಟಿ ಒಡೆದಿದೆ.
ಬಹಳ ಹೊತ್ತು ನೋಡಿದ, ಬೇರೆಯವರ ಮಡಿ ನೋಡುವ ಬೆಳೆಗಾರನಂತೆ.
"ಸಮ ಬಂದಿದೆ," ಎಂದ. "ನಾನು ಬೆಳೆದದ್ದಾಗಿದ್ದರೆ
ಪ್ರದರ್ಶನಕ್ಕೆ ಕಳಿಸುತ್ತಿದ್ದೆ."
ಕೆಮ್ಮು ಬಂತು. ಮುಗಿಯುವ ತನಕ
ನಾನು ತಟ್ಟೆ ಇಳಿಸಲಿಲ್ಲ, ಯಾಕೋ.

ಹಳೆಯ ಮದ್ದಿಗೆ ಬದಲಾಯಿಸಿದರು,
ಮೂತ್ರಪಿಂಡ ಹಿಂಡುವಂಥದು,
ಮಂಚವೇ ಗಡಗಡ ನಡುಗುವಂಥದು.
ಸೋಮವಾರ ಬಿಳಿ ರಕ್ತಕಣ ಸೊನ್ನೆ. ಬುಧವಾರ ಸೊನ್ನೆ.
ಶುಕ್ರವಾರ ಸೊನ್ನೆ ಚುಕ್ಕಿ ಒಂದು.
ಮುಂದಿನ ಲೆಕ್ಕ ಮೇಲಿನ ಮಹಡಿಯವರದು.
ನಾನು ಎರಡು ಕೊಳವೆ ಹಿಮಪೆಟ್ಟಿಗೆಗೆ ಇಳಿಸಿದೆ,
ಎದೆಯದೊಂದು, ಗುಡ್ಡೆಯದೊಂದು, ಅಕ್ಕಪಕ್ಕ.

ನಿನ್ನೆ ಅಲೈಡಾಳ ಫೋನ್.
ಅವನ ಸುದ್ದಿಯೆಂದುಕೊಂಡೆ. ಅಲ್ಲ.
ನಾಟಿಗೆ ಮೂರು ವಾರ ಉಳಿದಿದೆ,
ತೊಟ್ಟಿಗೆ ನೀರು ಬಿಡಲೋ ಬೇಡವೋ, ಎಂದಳು.
ಅದ್ದದಿದ್ದರೆ ಮೂರರಲ್ಲೊಂದು ಕೊಳೆಯುತ್ತದೆ.
ನಮ್ಮ ವರದಿ ನಲವತ್ತು ಪುಟ.
ಅದರಲ್ಲಿ ಈ ಸಾಲಿಲ್ಲ.
ವಿಚಾರಿಸಿ ಹೇಳುತ್ತೇನೆ, ಎಂದೆ.
ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.
ಅವಳ ಹಿಂದೆ ಯಂತ್ರ
ಗಡ್ಡೆ ಸುಲಿಯುತ್ತಲೇ ಇತ್ತು.